ಕರೆಂಟ್ ಕೊಡುವುದಲ್ಲ, ಕರೆಂಟ್ ಓದುವುದು

ನಮ್ಮ ಮನೆಯ ಉರ್ದುವಿನಲ್ಲಿ ಇಸಿಜಿ ಮಾಡಿಸುವುದಕ್ಕೆ "ಕರೆಂಟ್ ಲಗಾತೆ" ಎನ್ನುತ್ತಾರೆ. ಕರೆಂಟ್ ಇಡುತ್ತಾರೆ ಅಂತ ಅರ್ಥ. ಎದೆಗೆ ವೈರ್ ಅಂಟಿಸಿ ಪಕ್ಕದಲ್ಲಿ ಮೆಷಿನ್ ಇಟ್ಟರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಈ ಒಂದು ಮಾತಿಗೆ ಹೆದರಿ ಪರೀಕ್ಷೆಯನ್ನೇ ಮುಂದೂಡುವವರು ನಮ್ಮ ಓಣಿಯಲ್ಲಿದ್ದಾರೆ. ನಾನು ಕಾಮರ್ಸ್ ವಿದ್ಯಾರ್ಥಿ, ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ನಮ್ಮ ಖಾಲಾರನ್ನು ನರದ ಪರೀಕ್ಷೆಗೆ ಕರೆದುಕೊಂಡು ಹೋದ ಮೇಲೆ ಇದರ ಬಗ್ಗೆ ಓದಿದೆ, ಸೈನ್ಸ್ ವಿಭಾಗದ ಗೆಳೆಯರನ್ನು ಪೀಡಿಸಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು: ಇಸಿಜಿ ಮೆಷಿನ್ ದೇಹದೊಳಗೆ ಕರೆಂಟ್ ಬಿಡುವುದಿಲ್ಲ. ಕರೆಂಟ್ ನಮ್ಮಲ್ಲೇ ಇದೆ. ನರದ ಜೀವಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ಸುಮ್ಮನಿರುವಾಗ ಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಸಂದೇಶ ಬಂದಾಗ ಕೋಶದ ಪೊರೆಯಲ್ಲಿರುವ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ಲೆಕ್ಕ ಕ್ಷಣಕಾಲ ತಲೆಕೆಳಗಾಗುತ್ತದೆ. ಈ ಬದಲಾವಣೆ ನರದುದ್ದಕ್ಕೂ ಸಾಗುತ್ತಾ ಹೋಗುತ್ತದೆ. ಹೃದಯದ ಸ್ನಾಯುವಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಆ ಸಂಕೇತ ಎದೆಯ ಚರ್ಮಕ್ಕೆ ಬಂದು ಮುಟ್ಟುವಾಗ ಸುಮಾರು 1 ಮಿಲಿವೋಲ್ಟ್ ಅಷ್ಟೇ ಉಳಿದಿರುತ್ತದೆ. ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ 1.5 ವೋಲ್ಟ್, ಅಂದರೆ ಅದರ 1500 ಪಟ್ಟು! ಇಷ್ಟು ಸಣ್ಣದನ್ನು ಹಿಡಿಯಬೇಕಾದ್ದರಿಂದಲೇ ಅಲುಗಾಡಬೇಡಿ ಎನ್ನುತ್ತಾರೆ. ಚಳಿಗೆ ನಡುಗಿದರೂ ಕೈಕಾಲಿನ ಸ್ನಾಯುಗಳ ವಿದ್ಯುತ್ ಬಂದು ಗೆರೆ ಕದಡಿಬಿಡುತ್ತದೆ.

ಇದನ್ನು ಸರಿಯಾಗಿ ಬರೆದು ತೋರಿಸಿದವರು ನೆದರ್ಲೆಂಡ್ಸ್‌ನ ಲೈಡನ್ ನಗರದ ವಿಲ್ಲೆಮ್ ಐಂತೋವನ್. ಅವರ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿಗೂ ಗೆರೆಯ ಉಬ್ಬುತಗ್ಗುಗಳಿಗೆ ಅವರಿಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳೇ ಇವೆ. ಪಿ ಎಂದರೆ ಹೃದಯದ ಮೇಲಿನ ಕೋಣೆಗಳ ಸಂಕೇತ, ಕ್ಯೂಆರ್‌ಎಸ್ ಕೆಳಗಿನ ದೊಡ್ಡ ಕೋಣೆಗಳದ್ದು, ಟಿ ಅವು ಮುಂದಿನ ಬಡಿತಕ್ಕೆ ಮತ್ತೆ ಸಿದ್ಧವಾಗುವುದು.

ನಮ್ಮಂಥ ಲೆಕ್ಕದವರಿಗೆ ಇಷ್ಟವಾಗುವ ಭಾಗ ಮುಂದಿದೆ. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಹಾಗಾಗಿ ಒಂದು ದೊಡ್ಡ ಚೌಕ ಎಂದರೆ 0.2 ಸೆಕೆಂಡ್. ಎರಡು ಆರ್ ಶಿಖರಗಳ ನಡುವಿನ ದೊಡ್ಡ ಚೌಕಗಳನ್ನು ಎಣಿಸಿ 300ನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಬಡಿತ ಎಂದು ಸಿಗುತ್ತದೆ. ನಾಲ್ಕು ಚೌಕವಾದರೆ 75. ಬಡಿತ ಏರುಪೇರಾಗಿದ್ದರೆ ಈ ಉಪಾಯ ನಡೆಯದು. ಇನ್ನೊಂದು ತಮಾಷೆ: ಅಂಟಿಸುವುದು ಹತ್ತು ವೈರ್, ಸಿಗುವುದು ಹನ್ನೆರಡು ನೋಟ. ಅದರಲ್ಲೂ ಬಲಗಾಲಿನ ವೈರ್ ಗೆರೆ ಬರೆಯುವ ಕೆಲಸಕ್ಕೇ ಇಲ್ಲ. ಎರಡೆರಡು ಜಾಗಗಳ ವ್ಯತ್ಯಾಸ ತೆಗೆದು ಬೇರೆ ಬೇರೆ ಕೋನಗಳಿಂದ ಒಂದೇ ಹೃದಯವನ್ನು ನೋಡುತ್ತಾರೆ. ಒಂದನೆಯ ಲೀಡ್‌ಗೆ ಮೂರನೆಯದನ್ನು ಕೂಡಿದರೆ ಎರಡನೆಯದು ಬರಲೇಬೇಕು. ಟ್ರಯಲ್ ಬ್ಯಾಲೆನ್ಸ್ ನೆನಪಾಯಿತಲ್ಲವೇ?

ರಕ್ತನಾಳ ಕಟ್ಟಿಕೊಂಡು ಹೃದಯದ ಒಂದು ಭಾಗಕ್ಕೆ ರಕ್ತ ನಿಂತರೆ, ಆ ಭಾಗವನ್ನು ನೋಡುವ ಲೀಡ್‌ಗಳಲ್ಲಿ ಎಸ್ ಮತ್ತು ಟಿ ನಡುವಿನ ಗೆರೆ ಮೇಲೇಳಬಹುದು. ಎಲ್ಲ ಹೃದಯಾಘಾತದಲ್ಲೂ ಹೀಗಾಗುವುದಿಲ್ಲ. ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡುತ್ತಾರೆ. "ನಾರ್ಮಲ್ ಬಂತು, ಗ್ಯಾಸ್ ಇರಬೇಕು" ಎಂದು ಮನೆಯವರೇ ತೀರ್ಮಾನಿಸುವುದು ಅಪಾಯ. ಎದೆ ಬಿಗಿತ, ದವಡೆ ಅಥವಾ ಎಡಗೈಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯರ ನಿಯಮ. ನಾವು ಮನೆಯಲ್ಲೇ ಕಳೆಯುವ ಗಂಟೆಗಳಿಗೆ ಯಾವ ನಿಯಮವೂ ಇಲ್ಲ.

ನಮ್ಮ ಮನೆಗಳ ಹೆಂಗಸರು ತಡಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಎದೆಯ ಮೇಲೆ ಅಂಟಿಸಬೇಕಲ್ಲ ಎಂಬ ಸಂಕೋಚ. ಪರದೆ ಎಳೆಯಿರಿ, ಮಹಿಳಾ ಸಿಬ್ಬಂದಿ ಇದ್ದರೆ ಕಳಿಸಿ ಎಂದು ಕೇಳಬಹುದು. ವೈರ್ ಹಾಕಿದ ಮೇಲೆ ದುಪಟ್ಟಾ ಹೊದ್ದುಕೊಳ್ಳಬಹುದು. ಕೆಲಸ ಐದು ನಿಮಿಷದ್ದು.

ಈಗ ಖಾಲಾರ ವಿಷಯ. ಅವರು ಬ್ಲೌಸ್ ಹೊಲಿಯುತ್ತಾರೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಬರಬರುತ್ತಾ ಕತ್ತರಿ ಹಿಡಿಯಲೂ ಕಷ್ಟವಾಯಿತು. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ಡಾಕ್ಟರ್ ನರದ ವೇಗದ ಪರೀಕ್ಷೆ ಬರೆದುಕೊಟ್ಟರು. ಇದರಲ್ಲಿ ಮಾತ್ರ ನಿಜವಾಗಿಯೂ ಚಿಕ್ಕ ಶಾಕ್ ಕೊಡುತ್ತಾರೆ. ಅಲ್ಲಿಗೆ ಖಾಲಾರ ಭಯ ಪೂರ್ತಿ ಸುಳ್ಳಾಗಿರಲಿಲ್ಲ! ಟೆಕ್ನೀಷಿಯನ್ ಅಕ್ಕ, "ಅಮ್ಮಾ, ಕೈ ಸಡಿಲ ಬಿಡಿ, ಚುರ್ ಅನ್ನುತ್ತೆ ಅಷ್ಟೇ" ಎಂದರು. ನಾನು, "ಡರೋ ನಕ್ಕೋ ಖಾಲಾ" ಎಂದೆ. ಶಾಕ್ ಕೊಟ್ಟಾಗ ಹೆಬ್ಬೆರಳು ತಾನಾಗಿಯೇ ಜಿಗಿಯಿತು. ಖಾಲಾ ಬೆರಳನ್ನೇ ನೋಡುತ್ತಾ, ನಾನು ಅಲ್ಲಾಡಿಸಲಿಲ್ಲ ಎಂದು ನಕ್ಕರು.

ಲೆಕ್ಕ ಸರಳ. ಮೊಣಕೈ ಬಳಿ ಒಮ್ಮೆ, ಮಣಿಕಟ್ಟಿನ ಬಳಿ ಒಮ್ಮೆ ಶಾಕ್ ಕೊಟ್ಟು, ಹೆಬ್ಬೆರಳ ಬುಡದ ಸ್ನಾಯು ಎಷ್ಟು ಹೊತ್ತಿಗೆ ಉತ್ತರಿಸಿತು ಎಂದು ನೋಡುತ್ತಾರೆ. ಉದಾಹರಣೆಗೆ ಎರಡು ಜಾಗಗಳ ಅಂತರ 240 ಮಿಲಿಮೀಟರ್, ಸಮಯದ ವ್ಯತ್ಯಾಸ 4 ಮಿಲಿಸೆಕೆಂಡ್ ಆದರೆ ವೇಗ ಸೆಕೆಂಡಿಗೆ 60 ಮೀಟರ್. ಕೈಯ ಆರೋಗ್ಯವಂತ ನರದಲ್ಲಿ ಇದು ಸಾಮಾನ್ಯವಾಗಿ 50ಕ್ಕಿಂತ ಹೆಚ್ಚಿರುತ್ತದೆ. ಕೈ ತಣ್ಣಗಿದ್ದರೆ ವೇಗ ಸುಳ್ಳೇ ಕಡಿಮೆ ತೋರುತ್ತದೆಂದು ಖಾಲಾರ ಕೈಯನ್ನು ಮೊದಲು ಬೆಚ್ಚಗೆ ಮಾಡಿದ್ದರು. ಅವರ ಮುಂಗೈಯಲ್ಲಿ ನರ ಚೆನ್ನಾಗಿಯೇ ಓಡುತ್ತಿತ್ತು, ಮಣಿಕಟ್ಟು ದಾಟುವಾಗ ಮಾತ್ರ ನಿಧಾನ. ಅಲ್ಲಿನ ಇಕ್ಕಟ್ಟು ದಾರಿಯಲ್ಲಿ ಮೀಡಿಯನ್ ನರ ಒತ್ತಿಕೊಂಡಿತ್ತು. ಇದೇ ಕಾರ್ಪಲ್ ಟನಲ್ ತೊಂದರೆ. ಕಿರುಬೆರಳಿನ ನರ ಬೇರೆ ದಾರಿಯದು, ಅದಕ್ಕೇ ಅದು ಆರಾಮಾಗಿತ್ತು. ರಾತ್ರಿ ಕಟ್ಟಿಕೊಳ್ಳಲು ಮಣಿಕಟ್ಟಿನ ಪಟ್ಟಿ ಕೊಟ್ಟಿದ್ದಾರೆ. ಈಗ ನಿದ್ದೆ ಬರುತ್ತಿದೆ, ಹೊಲಿಗೆ ಅರ್ಧದಷ್ಟು ಮಾತ್ರ.

ಕೆಲವರಿಗೆ ಇದರ ಜೊತೆ ಸ್ನಾಯುವಿನೊಳಗೆ ಸಣ್ಣ ಸೂಜಿ ಚುಚ್ಚಿ ನೋಡುವ ಇಎಂಜಿ ಕೂಡ ಮಾಡುತ್ತಾರೆ. ಆರೋಗ್ಯವಾಗಿರುವ ಸ್ನಾಯು ವಿಶ್ರಾಂತಿಯಲ್ಲಿ ಮೌನವಾಗಿರುತ್ತದೆ. ನರದ ಸಂಪರ್ಕ ಕಳೆದುಕೊಂಡ ಸ್ನಾಯು ಸುಮ್ಮನಿದ್ದರೂ ಸಂಕೇತ ಕಳಿಸುತ್ತಿರುತ್ತದೆ. ಬಲ ಕುಂದಿದ್ದು ನರದಿಂದಲೋ ಸ್ನಾಯುವಿನಿಂದಲೋ ಎಂದು ಬೇರ್ಪಡಿಸಲು ಇದು ಬೇಕು. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು.

ಐಂತೋವನ್ 1905ರಲ್ಲೇ ಆಸ್ಪತ್ರೆಯಲ್ಲಿದ್ದ ರೋಗಿಯ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬಿಗೆ ತರಿಸಿಕೊಂಡಿದ್ದರು. ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯದೂ ಅದೇ ಉಪಾಯ. ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಅಲ್ಲೇ ಕೊಡುತ್ತಾರೆ.

ಮನೆಯಲ್ಲಿ ಹಳೆಯ ಇಸಿಜಿ ಇದ್ದರೆ ಎಸೆಯಬೇಡಿ. ಹೊಸದರ ಪಕ್ಕ ಇಟ್ಟು ನೋಡಿದರೆ ಯಾವ ಬದಲಾವಣೆ ಹಳೆಯದು, ಯಾವುದು ಇವತ್ತಿನದು ಎಂದು ವೈದ್ಯರಿಗೆ ತಿಳಿಯುತ್ತದೆ. ಆದರೆ ಅದು ಅಂಗಡಿಯ ಬಿಲ್ಲಿನಂತೆ ಸಾಮಾನ್ಯವಾಗಿ ಶಾಖದಿಂದ ಅಚ್ಚಾಗುವ ಕಾಗದ, ವರ್ಷ ಕಳೆದಂತೆ ಗೆರೆ ಮಾಸುತ್ತದೆ. ತೆಗೆಸಿದ ದಿನವೇ ಒಂದು ಜೆರಾಕ್ಸ್ ಮಾಡಿಸಿ, ತಾರೀಖು ಬರೆದು ಫೈಲಿನಲ್ಲಿಡಿ.