ಬಿಸಿಯಾಗುವ ಪ್ಲಗ್ಗಿನ ಲೆಕ್ಕ

ಬಚ್ಚಲುಮನೆಯ ಗೀಸರಿನ ಮೈಮೇಲೆ ತಯಾರಕರು ಅಂಟಿಸಿ ಕಳುಹಿಸುವ ಸಣ್ಣ ಚೀಟಿಯನ್ನು ಓದುವವರು ಬಲು ಕಡಮೆ. ಬೆಲೆ ಕೇಳುತ್ತಾರೆ, ಬಣ್ಣ ನೋಡುತ್ತಾರೆ, ಎಷ್ಟು ನೀರು ಹಿಡಿಯುವುದೆಂದು ವಿಚಾರಿಸುತ್ತಾರೆ. ‘230 ವೋಲ್ಟ್, 2000 ವಾಟ್’ ಎಂಬ ಒಂದು ಸಾಲು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಗೋಡೆಯ ಪ್ಲಗ್ಗು ಒಂದು ಬೆಳಿಗ್ಗೆ ಸುಟ್ಟ ವಾಸನೆ ಬೀರಿ ಕಪ್ಪಾದಾಗ, ಅದರ ಕಾರಣವನ್ನು ತಿಳಿಸಬಲ್ಲದ್ದು ಆ ಸಾಲೇ. ಅದಕ್ಕೆ ಬೇಕಾಗುವ ಗಣಿತವೆಲ್ಲ ಒಂದಿಷ್ಟು ಗುಣಾಕಾರ, ಒಂದಿಷ್ಟು ಭಾಗಾಕಾರ. ಮಾಧ್ಯಮಿಕ ಶಾಲೆಯ ಬಾಲಕನಿಗೂ ಅದು ಭಾರವಲ್ಲ.

ವಿದ್ಯುತ್ತನ್ನು ತಂತಿಯಲ್ಲಿ ನೂಕುವ ಒತ್ತಡವನ್ನು ವೋಲ್ಟುಗಳಲ್ಲಿಯೂ, ಹರಿಯುವ ಪ್ರವಾಹವನ್ನು ಆಂಪೇರುಗಳಲ್ಲಿಯೂ ಅಳೆಯುತ್ತಾರೆ. ಇವೆರಡನ್ನೂ ಗುಣಿಸಿದರೆ ಬರುವುದು ವಾಟ್, ಎಂದರೆ ಉಪಕರಣವು ಶಕ್ತಿಯನ್ನು ವ್ಯಯಿಸುವ ವೇಗ. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ದೊರೆಯುವುದು ತಂತಿಯು ಒಡ್ಡುವ ಅಡ್ಡಿ, ಅದೇ ರೋಧ. ಅದರ ಮಾನ ಓಮ್. ಗೀಸರಿನ 2000 ವಾಟನ್ನು 230ರಿಂದ ಭಾಗಿಸಿದರೆ ಪ್ರವಾಹವು 8.7 ಆಂಪೇರ್ ಆಯಿತು. 230ನ್ನು ಈ 8.7ರಿಂದ ಭಾಗಿಸಿದರೆ ರೋಧವು 26 ಓಮಿಗಿಂತ ತುಸು ಹೆಚ್ಚು. ದೀಪಕ್ಕೋ ರೇಡಿಯೋವಿಗೋ ಎಂದು ಹಾಕಿಸಿದ 6 ಆಂಪೇರಿನ ಪ್ಲಗ್ಗಿಗೆ ಈ ಗೀಸರನ್ನು ಏಕೆ ಸಿಕ್ಕಿಸಬಾರದೆಂಬುದು ಇಲ್ಲಿಗೇ ಸ್ಪಷ್ಟ. (ಫ್ಯಾನು, ಪಂಪು ಮೊದಲಾದ ಮೋಟಾರಿನ ಉಪಕರಣಗಳಲ್ಲಿ ಒತ್ತಡವೂ ಪ್ರವಾಹವೂ ಒಂದೇ ತಾಳದಲ್ಲಿ ಹೆಜ್ಜೆಯಿಡುವುದಿಲ್ಲವಾದ್ದರಿಂದ, ಅಲ್ಲಿ ನಿಜವಾದ ವಾಟ್ ಈ ಗುಣಲಬ್ಧಕ್ಕಿಂತ ಕಡಮೆ. ಕಾಯಿಸುವ ಉಪಕರಣಗಳಿಗೆ ಈ ತೊಡಕಿಲ್ಲ.)

ಇಷ್ಟು ಸರಳವಾಗಿ ತೋರುವ ಈ ಸಂಬಂಧವನ್ನು ಕಂಡುಹಿಡಿದವನು ಅದರಿಂದ ಬೇಗನೆ ಸುಖಪಡಲಿಲ್ಲ. ಜಾರ್ಜ್ ಸೈಮನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದ ಬೀಗಗಾರನೊಬ್ಬನ ಮಗನಾಗಿ ಜನಿಸಿದನು. ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದಾಗ ಬೇರೆ ಬೇರೆ ಉದ್ದದ ತಂತಿಗಳಲ್ಲಿ ಪ್ರವಾಹವನ್ನು ಹರಿಸಿ ಅಳೆದನು. ಆ ಕಾಲದ ಬ್ಯಾಟರಿಗಳ ಒತ್ತಡ ಗಳಿಗೆಗೊಂದು ಬಗೆ. ಆದುದರಿಂದ ಅವನು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ತುದಿಯನ್ನು ಕುದಿಯುವ ನೀರಿನ ಶಾಖದಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ ಸ್ಥಿರವಾದ ಒತ್ತಡವನ್ನು ಪಡೆದನು. 1827ರಲ್ಲಿ ಅವನ ಗ್ರಂಥ ಪ್ರಕಟವಾದಾಗ ಸ್ವದೇಶದ ಪಂಡಿತರು ಮುಖ ತಿರುಗಿಸಿದರು. ಅವನು ಉದ್ಯೋಗವನ್ನೇ ತ್ಯಜಿಸಿದನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಮ್ಯೂನಿಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿ ದೊರೆತದ್ದು 1852ರಲ್ಲಿ. ಎರಡೇ ವರ್ಷಗಳಲ್ಲಿ ಅವನು ತೀರಿಕೊಂಡನು.

ಓಮನು ಕಂಡದ್ದೇನೆಂದರೆ, ತಂತಿಯ ಬಿಸುಪು ಬದಲಾಗದಿದ್ದರೆ ಅದರ ರೋಧವೂ ಬದಲಾಗದು. ಇಸ್ತ್ರಿಪೆಟ್ಟಿಗೆಯ ಸುರುಳಿಯಲ್ಲಿ ಬಿಸಿಯಾದರೂ ರೋಧ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. 230 ವೋಲ್ಟಿಗೆ 1000 ವಾಟ್ ಎಂದು ಗುರುತಿಸಿದ ಪೆಟ್ಟಿಗೆಯ ರೋಧ ಸುಮಾರು 53 ಓಮ್. ಸಂಜೆ ಒತ್ತಡವು 180 ವೋಲ್ಟಿಗೆ ಇಳಿದರೆ ಪ್ರವಾಹವೂ 3.4 ಆಂಪೇರಿಗೆ ಇಳಿಯುತ್ತದೆ. ಎರಡನ್ನೂ ಗುಣಿಸಿದರೆ 612 ವಾಟ್ ಮಾತ್ರ. ಒತ್ತಡ ಇಳಿದದ್ದು ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಶಾಖ ಇಳಿದದ್ದು ಹೆಚ್ಚುಕಡಮೆ ಐದರಲ್ಲೆರಡು ಪಾಲು. ಅಂಗಿಯ ಸುಕ್ಕು ಬಿಡದಿದ್ದರೆ ಪೆಟ್ಟಿಗೆಯನ್ನು ಹಳಿದು ಫಲವಿಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಉಂಟು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಎಂದು ಇಂಗ್ಲೆಂಡಿನ ಜೇಮ್ಸ್ ಜೌಲ್ 1840ರ ಸುಮಾರಿನಲ್ಲಿ ತೋರಿಸಿಕೊಟ್ಟನು. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ, ಹತ್ತುಮಡಿಯಾದರೆ ನೂರ್ಮಡಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ 35,000 ವೋಲ್ಟುಗಳ ಒತ್ತಡವನ್ನು ಬಳಸಿದ್ದರ ಮರ್ಮ ಇದೇ. ಲೆಕ್ಕದ ಸೌಕರ್ಯಕ್ಕಾಗಿ ಒಂದೇ ಜೋಡಿ ತಂತಿಯಿದೆಯೆಂದು ಭಾವಿಸಿದರೆ, ಹತ್ತು ಲಕ್ಷ ವಾಟ್ ಸಾಗಿಸಲು ಆ ಒತ್ತಡದಲ್ಲಿ 29 ಆಂಪೇರೂ ಬೇಡ. 3,500 ವೋಲ್ಟಿನಲ್ಲಾದರೆ 286 ಆಂಪೇರ್ ಬೇಕು. ಅದೇ ತಂತಿ ಆಗ ನೂರುಮಡಿ ಶಾಖವನ್ನು ಹೊಲಗದ್ದೆಗಳ ಮೇಲೆ ಚೆಲ್ಲುತ್ತಿತ್ತು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ನಿಧನರಾದುದರಿಂದ ಆ ದಿನವನ್ನು ಕಾಣಲಿಲ್ಲ.

92 ಮೈಲಿಗೆ ಒಪ್ಪುವ ನಿಯಮ ಗೋಡೆಯ ಪ್ಲಗ್ಗಿಗೂ ಒಪ್ಪುತ್ತದೆ. ಸರಿಯಾದ 16 ಆಂಪೇರಿನ ಪ್ಲಗ್ಗೇ ಆದರೂ, ವರ್ಷಗಳ ಬಳಕೆಯಿಂದ ಅದರೊಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿ ಅಲ್ಲಿ ಕೇವಲ ಒಂದು ಓಮ್ ರೋಧ ಹುಟ್ಟಿತೆಂದು ಭಾವಿಸೋಣ. ಗೀಸರಿನದೂ ಸೇರಿ ರೋಧ 27.5 ಓಮ್, ಪ್ರವಾಹ 8.4 ಆಂಪೇರ್. ಅದರ ವರ್ಗವನ್ನು ಒಂದರಿಂದ ಗುಣಿಸಿದರೆ ಸುಮಾರು 70 ವಾಟ್! ಹಳೆಯ 60 ವಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿ ಕೈ ಸುಟ್ಟುಕೊಂಡವರಿಗೆ ಅದರ ಅರ್ಥ ತಿಳಿಯುತ್ತದೆ. ಅದಕ್ಕಿಂತಲೂ ಹೆಚ್ಚಿನ ಶಾಖವು ಹೆಬ್ಬೆಟ್ಟಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಮಧ್ಯೆ ಕೂಡಿಬೀಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರವಾಹವು 8.7ರಿಂದ 8.4ಕ್ಕೆ ಇಳಿದಿದೆಯೇ ಹೊರತು ಏರಿಲ್ಲ. ಫ್ಯೂಸಾಗಲಿ, ಈಗಿನ ಮನೆಗಳ ಎಂಸಿಬಿಯಾಗಲಿ ಪ್ರವಾಹ ಮಿತಿಮೀರಿದಾಗ ಮಾತ್ರ ಕೆಲಸಮಾಡುವ ಕಾವಲುಗಾರರು; ಈ ಬೆಂಕಿಯು ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ನೀರೂ ಎಂದಿನಂತೆ ಕಾಯುತ್ತದೆ, ಬಿಲ್ಲೂ ಎಂದಿನಂತೆ ಬರುತ್ತದೆ.

ಕಂಡುಹಿಡಿಯುವ ಉಪಾಯ ಸುಲಭ. ಗೀಸರು ಹದಿನೈದಿಪ್ಪತ್ತು ನಿಮಿಷ ಕೆಲಸಮಾಡಿದ ಮೇಲೆ ಸ್ವಿಚ್ಚನ್ನು ಆರಿಸಿ, ಒಣಗಿದ ಕೈಯಿಂದ ಪ್ಲಗ್ಗಿನ ಬೆನ್ನನ್ನು ಜಾಗರೂಕತೆಯಿಂದ ಮುಟ್ಟಿ ನೋಡಬೇಕು. ತುಸು ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈಯಿಡಲಾರದಷ್ಟು ಬಿಸಿಯಾಗಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಬಳಕೆಯನ್ನು ಅಲ್ಲಿಗೇ ನಿಲ್ಲಿಸಿ ವಿದ್ಯುತ್ ಕೆಲಸಗಾರನನ್ನು ಕರೆಸಬೇಕು. ಪ್ಲಗ್ಗನ್ನು ಮಾತ್ರ ಬದಲಿಸಿದರೆ ಸಾಲದು. ಗೋಡೆಯ ಸಾಕೆಟ್ಟನ್ನೂ ಬದಲಿಸಿ, ಅದರ ಹಿಂದಿನ ತಂತಿಯ ಸುಟ್ಟ ತುದಿಯನ್ನು ಕತ್ತರಿಸಿ, ತಿರುಪನ್ನು ಬಿಗಿಯಾಗಿ ಕೂಡಿಸಲು ಹೇಳಬೇಕು.