ಭಾರತದ ಕ್ರೈಸ್ತ ಶಾಲೆಗಳಲ್ಲಿ ಶಿಕ್ಷಕರ ತರಬೇತಿ

ಕ್ರೈಸ್ತ ಶಾಲೆಗಳ ಶಿಕ್ಷಕರ ತರಬೇತಿ ಎಂದರೆ ಚರ್ಚುಗಳು, ಧರ್ಮಪ್ರಾಂತ್ಯಗಳು, ಧಾರ್ಮಿಕ ಸಭೆಗಳು ಹಾಗೂ ಇತರ ಕ್ರೈಸ್ತ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಬೋಧಿಸುವವರು ಪಡೆಯುವ ವೃತ್ತಿಶಿಕ್ಷಣ. ಭಾರತದಲ್ಲಿ ಈ ಶಾಲೆಗಳ ಶಿಕ್ಷಕರಿಗಾಗಿ ಪ್ರತ್ಯೇಕ ಪದವಿಯಿಲ್ಲ. ಗಣಿತ, ವಿಜ್ಞಾನ, ಭಾಷೆ ಮೊದಲಾದ ಲೌಕಿಕ ವಿಷಯಗಳನ್ನು ಬೋಧಿಸುವವರು ಇತರ ಶಾಲೆಗಳ ಶಿಕ್ಷಕರಂತೆಯೇ ಡಿ.ಇಎಲ್.ಇಡಿ. ಅಥವಾ ಬಿ.ಇಡಿ. ಶಿಕ್ಷಣ ಪಡೆದಿರಬೇಕಾಗುತ್ತದೆ. ಸಂಸ್ಥೆಯ ಧ್ಯೇಯ, ಮೌಲ್ಯಶಿಕ್ಷಣ ಮತ್ತು ಧರ್ಮಬೋಧೆಗೆ ಸಂಬಂಧಿಸಿದ ತರಬೇತಿಯನ್ನು ಆಡಳಿತ ಮಂಡಳಿಗಳು ಇದಕ್ಕೆ ಹೆಚ್ಚುವರಿಯಾಗಿ ನೀಡುತ್ತವೆ. ಈ ಶಿಕ್ಷಕರ ಅರ್ಹತೆಯನ್ನು ಸರ್ಕಾರ ಎಷ್ಟರ ಮಟ್ಟಿಗೆ ನಿಗದಿಪಡಿಸಬಹುದು, ಅವರ ಆಯ್ಕೆ ಎಷ್ಟರ ಮಟ್ಟಿಗೆ ಸಂಸ್ಥೆಯ ಹಕ್ಕು ಎಂಬ ಪ್ರಶ್ನೆ ಸಂವಿಧಾನದ 30(1)ನೆಯ ವಿಧಿಯ ವ್ಯಾಖ್ಯಾನದೊಂದಿಗೆ ಬೆಸೆದುಕೊಂಡಿದೆ.

ಹಿನ್ನೆಲೆ

ಶಿಕ್ಷಕರಿಗೂ ಶಿಕ್ಷಣ ಅಗತ್ಯವೆಂಬ ವಿಚಾರವು ಯುರೋಪಿನ ಕ್ರೈಸ್ತ ಶಾಲೆಗಳಲ್ಲಿ 17ನೆಯ ಶತಮಾನದ ವೇಳೆಗೆ ವ್ಯವಸ್ಥಿತ ರೂಪ ಪಡೆಯತೊಡಗಿತು. ಫ್ರಾನ್ಸಿನ ಧರ್ಮಗುರು ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ (1651–1719) ಬಡ ಮಕ್ಕಳ ಶಿಕ್ಷಣಕ್ಕಾಗಿ ‘ಕ್ರೈಸ್ತ ಶಾಲೆಗಳ ಸಹೋದರರು’ ಎಂಬ ಸಭೆಯನ್ನು ಸ್ಥಾಪಿಸಿದರು. 1685ರ ಸುಮಾರಿಗೆ ಅವರು ರೇಮ್ಸ್ ನಗರದಲ್ಲಿ ಗ್ರಾಮೀಣ ಶಾಲೆಗಳ ಉಪಾಧ್ಯಾಯರಿಗಾಗಿ ತೆರೆದ ತರಬೇತಿ ಕೇಂದ್ರವು ಈ ಬಗೆಯ ಆರಂಭಿಕ ಸಂಸ್ಥೆಗಳಲ್ಲಿ ಒಂದು. 1950ರಲ್ಲಿ ಕ್ಯಾಥೊಲಿಕ್ ಚರ್ಚು ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿತು.

ಭಾರತದಲ್ಲಿ 1706ರಲ್ಲಿ ತರಂಗಂಬಾಡಿಗೆ ಬಂದ ಡ್ಯಾನಿಶ್-ಹಾಲೆ ಮಿಷನ್ನಿನ ಬಾರ್ತಲೋಮಿಯಸ್ ಝೀಗೆನ್‌ಬಾಲ್ಗ್ 1716ರಲ್ಲಿ ಅಲ್ಲಿ ಉಪಾಧ್ಯಾಯರ ತರಬೇತಿಗಾಗಿ ಸಂಸ್ಥೆಯೊಂದನ್ನು ಆರಂಭಿಸಿದರು. 1789ರಿಂದ ಮದರಾಸಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಗ್ಲಿಕನ್ ಧರ್ಮಗುರು ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ಆ ಕ್ರಮವನ್ನು ತಮ್ಮ ಶಾಲೆಗೆ ತಂದರು. ಕಲಿತ ಮಕ್ಕಳೇ ಕಿರಿಯರಿಗೆ ಕಲಿಸುವ ಪದ್ಧತಿಯನ್ನೂ ಅವರು ರೂಪಿಸಿದರು. 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ವಿವರ ಪ್ರಕಟವಾಗಿ ‘ಮದರಾಸು ಪದ್ಧತಿ’ ಎಂದು ಹೆಸರಾಯಿತು. 1811ರಲ್ಲಿ ಸ್ಥಾಪನೆಯಾದ ಇಂಗ್ಲೆಂಡ್ ಚರ್ಚಿನ ನ್ಯಾಷನಲ್ ಸೊಸೈಟಿಯು ತನ್ನ ಶಾಲೆಗಳಲ್ಲಿಯೂ ಉಪಾಧ್ಯಾಯರ ತರಬೇತಿಯಲ್ಲಿಯೂ ಇದೇ ಪದ್ಧತಿಯನ್ನು ಅನುಸರಿಸಿತು.

1854ರ ವುಡ್ ಶಿಕ್ಷಣ ವರದಿಯು ಎರಡು ವ್ಯವಸ್ಥೆಗಳಿಗೆ ಅಡಿಪಾಯ ಹಾಕಿತು. ಮೊದಲನೆಯದು ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ. ಎರಡನೆಯದು ಉಪಾಧ್ಯಾಯರಿಗೆ ಕ್ರಮಬದ್ಧ ತರಬೇತಿ. ಅನುದಾನ ಪಡೆಯುವ ಶಾಲೆಗಳು ಸರ್ಕಾರದ ತಪಾಸಣೆಗೆ ಒಳಪಡಬೇಕಾಯಿತು. ಇದರಿಂದ ತರಬೇತಾದ ಉಪಾಧ್ಯಾಯರ ಬೇಡಿಕೆ ಹೆಚ್ಚಿ, ಸರ್ಕಾರವೂ ಮಿಷನ್‌ಗಳೂ ‘ನಾರ್ಮಲ್ ಶಾಲೆ’ಗಳೆಂದು ಕರೆಯಲಾಗುತ್ತಿದ್ದ ತರಬೇತಿ ಶಾಲೆಗಳನ್ನು ನಡೆಸಿದವು. 20ನೆಯ ಶತಮಾನದಲ್ಲಿ ಪದವೀಧರರ ತರಬೇತಿ ಕಾಲೇಜುಗಳೂ ಸ್ಥಾಪನೆಯಾದವು. ಮದರಾಸಿನಲ್ಲಿ 1923ರಲ್ಲಿ ಮಹಿಳೆಯರಿಗಾಗಿ ಆರಂಭವಾದ ಸೇಂಟ್ ಕ್ರಿಸ್ಟೋಫರ್ಸ್ ತರಬೇತಿ ಕಾಲೇಜು ಇದಕ್ಕೆ ಉದಾಹರಣೆ.

ಕರ್ನಾಟಕದಲ್ಲಿ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕರಾವಳಿಯಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಶಾಲೆಗಳನ್ನು ತೆರೆಯಿತು. ಅದುವರೆಗೆ ಕನ್ನಡ ನಾಡಿನ ಮಕ್ಕಳು ಐಗಳ ಶಾಲೆ, ಕೂಲಿಮಠಗಳಲ್ಲಿ ಓದು, ಬರಹ, ಮಗ್ಗಿ ಕಲಿಯುತ್ತಿದ್ದರು. ಅಲ್ಲಿ ಕಲಿಸುವವರಿಗೆ ಪ್ರತ್ಯೇಕ ತರಬೇತಿ ಇರಲಿಲ್ಲ. ತರಗತಿಗಳಾಗಿ ವಿಂಗಡಿಸಿದ, ಮುದ್ರಿತ ಪಠ್ಯವನ್ನು ಬಳಸುವ ಹೊಸ ಶಾಲೆಗಳಿಗೆ ಬೇರೆ ಬಗೆಯ ಉಪಾಧ್ಯಾಯರು ಬೇಕಾದರು. 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯವು ಕನ್ನಡ ಪಠ್ಯಪುಸ್ತಕಗಳನ್ನೂ ಮುದ್ರಿಸಿತು.

ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಪಾತ್ರ ಗಮನಾರ್ಹ. ಮದರ್ ವೆರೋನಿಕಾ ಅವರು 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಸ್ಥಾಪಿಸಿದ ಈ ಸಭೆಯ ಧರ್ಮಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದರು. ಹೆಣ್ಣುಮಕ್ಕಳ ಶಾಲೆಗಳು ಬೆಳೆಯಲು ಮಹಿಳಾ ಉಪಾಧ್ಯಾಯರು ಅಗತ್ಯವಾಗಿದ್ದುದರಿಂದ ಶಾಲೆ ಮತ್ತು ತರಬೇತಿ ಪರಸ್ಪರ ಪೂರಕವಾದವು. ಇದೇ ಸಭೆ ನಡೆಸುವ ಮಂಗಳೂರಿನ ಸೇಂಟ್ ಆನ್ಸ್ ಶಿಕ್ಷಣ ಮಹಾವಿದ್ಯಾಲಯವು 1943ರಲ್ಲಿ ಆರಂಭವಾಯಿತು. ಆಗ ಮಂಗಳೂರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು.

ಅಗತ್ಯ ವಿದ್ಯಾರ್ಹತೆ

ಶಿಕ್ಷಕರ ಶಿಕ್ಷಣವನ್ನು ನಿಯಂತ್ರಿಸುವ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 1993ರ ಕಾಯಿದೆಯ ಮೂಲಕ ಶಾಸನಬದ್ಧ ಸ್ಥಾನ ಪಡೆಯಿತು. ಕ್ರೈಸ್ತ ಸಂಸ್ಥೆಗಳ ತರಬೇತಿ ಕಾಲೇಜುಗಳಿಗೂ ಇದರ ಮಾನ್ಯತೆ ಅಗತ್ಯ. ಪ್ರಮುಖ ಕೋರ್ಸುಗಳು ಹೀಗಿವೆ:

ಡಿ.ಇಎಲ್.ಇಡಿ.: ಪ್ರಾಥಮಿಕ ಹಂತದ ಬೋಧನೆಗೆ ಸಿದ್ಧಗೊಳಿಸುವ 2 ವರ್ಷಗಳ ಡಿಪ್ಲೊಮಾ. ಪ್ರವೇಶಕ್ಕೆ ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಶೇ. 50 ಅಂಕ ಬೇಕು. ಕರ್ನಾಟಕದಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿಯು ಹಿಂದೆ ಟಿ.ಸಿ.ಎಚ್. ಎಂದೂ ಆ ಬಳಿಕ ಡಿ.ಇಡಿ. ಎಂದೂ ಪರಿಚಿತವಾಗಿತ್ತು.

ಬಿ.ಇಡಿ.: ಪದವಿಯ ನಂತರದ ಶಿಕ್ಷಣ. 2014ರ ಎನ್‌ಸಿಟಿಇ ನಿಯಮಗಳ ಪ್ರಕಾರ ಇದರ ಅವಧಿ 2 ವರ್ಷಗಳು. ಶಾಲೆಗಳಲ್ಲಿ ಒಟ್ಟು 20 ವಾರಗಳ ಅನುಭವ ಪಡೆಯಬೇಕು. ಇದರಲ್ಲಿ 16 ವಾರಗಳು ಎರಡನೆಯ ವರ್ಷದಲ್ಲಿರುತ್ತವೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ, 1ರಿಂದ 5ನೆಯ ತರಗತಿಯ ಶಿಕ್ಷಕ ಹುದ್ದೆಗೆ ಬಿ.ಇಡಿ. ಅರ್ಹತೆಯಾಗುವುದಿಲ್ಲ.

ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ): ಶಿಕ್ಷಣ ಹಕ್ಕು ಕಾಯಿದೆಯ 23ನೆಯ ಕಲಮಿನ ಅಡಿಯಲ್ಲಿ 2010ರ ಆಗಸ್ಟ್ 23ರ ಅಧಿಸೂಚನೆಯು 1ರಿಂದ 8ನೆಯ ತರಗತಿಯ ಶಿಕ್ಷಕರಿಗೆ ನಿಗದಿಪಡಿಸಿದ ಪರೀಕ್ಷೆ. ಪ್ರತಿ ಪತ್ರಿಕೆಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳಿದ್ದು, ಸಾಮಾನ್ಯ ವರ್ಗದವರು ಶೇ. 60 ಅಂಕ ಪಡೆಯಬೇಕು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದರ ಅನ್ವಯದ ಕುರಿತು ಮುಂದೆ ವಿವರಿಸಲಾಗಿದೆ.

ಸಂಸ್ಥೆಗಳು ನೀಡುವ ಹೆಚ್ಚುವರಿ ತರಬೇತಿ

ಕ್ರೈಸ್ತ ಶಾಲೆಗಳ ಶಿಕ್ಷಕರೆಲ್ಲರೂ ಕ್ರೈಸ್ತರಲ್ಲ. ಇತರ ಧರ್ಮಗಳ ಶಿಕ್ಷಕರೂ ವಿದ್ಯಾರ್ಥಿಗಳೂ ಈ ಶಾಲೆಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ. ಆದ್ದರಿಂದ ಹೆಚ್ಚುವರಿ ತರಬೇತಿಯಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಎಲ್ಲ ಶಿಕ್ಷಕರಿಗೂ ಅನ್ವಯಿಸುವಂಥದು: ಸಂಸ್ಥೆಯ ಧ್ಯೇಯದ ಪರಿಚಯ, ನೀತಿಪಾಠ ಹಾಗೂ ಮೌಲ್ಯಶಿಕ್ಷಣದ ಬೋಧನಾಕ್ರಮ, ಮಕ್ಕಳ ಸುರಕ್ಷತೆ ಮೊದಲಾದವು. 2007ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು ಪ್ರಕಟಿಸಿದ ಅಖಿಲ ಭಾರತ ಕ್ಯಾಥೊಲಿಕ್ ಶಿಕ್ಷಣ ನೀತಿಯು ಬಡವರಿಗೂ ಅವಕಾಶವಂಚಿತರಿಗೂ ಆದ್ಯತೆ ನೀಡಬೇಕೆನ್ನುತ್ತದೆ.

ಎರಡನೆಯದು ಕ್ರೈಸ್ತ ವಿದ್ಯಾರ್ಥಿಗಳಿಗೆ ಧರ್ಮಬೋಧೆ ಮಾಡುವವರಿಗೆ ಸಂಬಂಧಿಸಿದ್ದು. ಬೈಬಲ್, ಚರ್ಚಿನ ಬೋಧನೆ ಹಾಗೂ ಪ್ರಾರ್ಥನಾವಿಧಿಗಳ ಅಧ್ಯಯನ ಇದರಲ್ಲಿರುತ್ತದೆ. ಸಂವಿಧಾನದ 28(3)ನೆಯ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಒಳಪಡಿಸುವಂತಿಲ್ಲ. ಅಪ್ರಾಪ್ತರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು.

ಕ್ಯಾಥೊಲಿಕ್ ಧರ್ಮಭಗಿನಿಯರು ಮತ್ತು ಸಹೋದರರು ಸಭೆಗೆ ಸೇರುವಾಗ ಕನಿಷ್ಠ 12 ತಿಂಗಳ ನೊವಿಷಿಯೇಟ್ ಎಂಬ ಧಾರ್ಮಿಕ ತರಬೇತಿ ಪಡೆಯುತ್ತಾರೆ. ಇದು ಶಿಕ್ಷಕ ವೃತ್ತಿಯ ಅರ್ಹತೆಯಲ್ಲ. ಶಾಲೆಯಲ್ಲಿ ಲೌಕಿಕ ವಿಷಯ ಬೋಧಿಸುವ ಹುದ್ದೆಗೆ ಅವರೂ ನಿಗದಿತ ವಿದ್ಯಾರ್ಹತೆ ಪಡೆಯಬೇಕು. ಚರ್ಚುಗಳಲ್ಲಿ ನಡೆಯುವ ಭಾನುವಾರದ ಶಾಲೆಗಳ (ಸಂಡೇ ಸ್ಕೂಲ್) ಬೋಧಕರು ಸಾಮಾನ್ಯವಾಗಿ ಸ್ವಯಂಸೇವಕರಾಗಿದ್ದು, ಅವರಿಗೆ ಈ ವಿದ್ಯಾರ್ಹತೆಗಳು ಅನ್ವಯಿಸುವುದಿಲ್ಲ.

ಸಂವಿಧಾನ ಮತ್ತು ನ್ಯಾಯಾಲಯದ ತೀರ್ಪುಗಳು

30(1)ನೆಯ ವಿಧಿಯು ಧಾರ್ಮಿಕ ಹಾಗೂ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡುತ್ತದೆ. ಈ ಹಕ್ಕಿನ ವ್ಯಾಪ್ತಿಯನ್ನು ನಿರ್ಧರಿಸಿದ ಆರಂಭಿಕ ಪ್ರಕರಣಗಳಲ್ಲೊಂದು ಕ್ರೈಸ್ತ ಶಿಕ್ಷಕರ ತರಬೇತಿ ಕಾಲೇಜಿಗೆ ಸಂಬಂಧಿಸಿತ್ತು. ಗುಜರಾತಿನ ಪ್ರೆಸ್‌ಬಿಟೀರಿಯನ್ ಸಂಸ್ಥೆಯೊಂದು 42 ಪ್ರಾಥಮಿಕ ಶಾಲೆಗಳನ್ನೂ ಅವುಗಳಿಗೆ ಶಿಕ್ಷಕರನ್ನು ಸಿದ್ಧಪಡಿಸಲು ಒಂದು ತರಬೇತಿ ಕಾಲೇಜನ್ನೂ ನಡೆಸುತ್ತಿತ್ತು. 1955ರಲ್ಲಿ ಆಗಿನ ಮುಂಬಯಿ ಸರ್ಕಾರವು ಖಾಸಗಿ ತರಬೇತಿ ಕಾಲೇಜುಗಳ ಶೇ. 80 ಸ್ಥಾನಗಳನ್ನು ತಾನು ಸೂಚಿಸಿದವರಿಗೆ ಮೀಸಲಿಡುವಂತೆ ಆದೇಶಿಸಿತು. ಇದನ್ನು ಪಾಲಿಸದಿದ್ದರೆ ಅನುದಾನವನ್ನೂ ಮಾನ್ಯತೆಯನ್ನೂ ಕಳೆದುಕೊಳ್ಳುವ ಸ್ಥಿತಿ ಬಂತು. ಸಿಧರಾಜಭಾಯಿ ಪ್ರಕರಣವೆಂದು ಪ್ರಸಿದ್ಧವಾದ ಈ ವಿವಾದದಲ್ಲಿ ಸುಪ್ರೀಂ ಕೋರ್ಟ್, ಆದೇಶವು 30(1)ನೆಯ ವಿಧಿಗೆ ವಿರುದ್ಧವೆಂದು ತೀರ್ಮಾನಿಸಿತು. ಸರ್ಕಾರದ ನಿಯಂತ್ರಣವು ಆ ಸಂಸ್ಥೆಯ ಶೈಕ್ಷಣಿಕ ಗುಣಮಟ್ಟವನ್ನು ಉತ್ತಮಪಡಿಸುವಂತಿರಬೇಕು. ಸಾರ್ವಜನಿಕ ಹಿತದ ಹೆಸರಿನಲ್ಲಿ ಅಲ್ಪಸಂಖ್ಯಾತರ ಹಕ್ಕನ್ನೇ ನಿಷ್ಫಲಗೊಳಿಸಬಾರದು ಎಂಬುದು ತೀರ್ಪಿನ ಸಾರ.

ಈ ಹಕ್ಕು ಅನರ್ಹರನ್ನು ನೇಮಿಸುವ ಸ್ವಾತಂತ್ರ್ಯವಲ್ಲ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠವು ಶಿಕ್ಷಕರ ಕನಿಷ್ಠ ವಿದ್ಯಾರ್ಹತೆಯನ್ನು ಸರ್ಕಾರ ನಿಗದಿಪಡಿಸಬಹುದೆಂದು ಹೇಳಿತು. ಅರ್ಹರಾದವರಲ್ಲಿ ಆಯ್ಕೆ ಮಾಡುವ ಸ್ವಾತಂತ್ರ್ಯ ಅನುದಾನರಹಿತ ಸಂಸ್ಥೆಗೆ ಇರುತ್ತದೆ. ಶಿಕ್ಷಕರ ಸೇವಾಭದ್ರತೆಯ ಬಗ್ಗೆಯೂ ಇದೇ ನಿಲುವು ಕಂಡುಬರುತ್ತದೆ: 1986ರ ಫ್ರಾಂಕ್ ಆಂಟನಿ ಪಬ್ಲಿಕ್ ಶಾಲೆಯ ನೌಕರರ ಪ್ರಕರಣದಲ್ಲಿ, ಸರ್ಕಾರಿ ಶಾಲೆಗಳಿಗೆ ಸಮಾನವಾದ ವೇತನ ನೀಡಬೇಕೆಂಬ ನಿಯಮವು ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆ ತರುವುದಿಲ್ಲವೆಂದು ನ್ಯಾಯಾಲಯ ತಿಳಿಸಿತು. 2020ರಲ್ಲಿ ಪಶ್ಚಿಮ ಬಂಗಾಳದ ಮದರಸಾಗಳ ಕುರಿತ ತೀರ್ಪು ಲೌಕಿಕ ವಿಷಯಗಳ ಬೋಧನೆಗೂ ಧರ್ಮ, ಭಾಷೆಗಳ ಸಂರಕ್ಷಣೆಗಾಗಿ ನಡೆಯುವ ಬೋಧನೆಗೂ ಇರುವ ವ್ಯತ್ಯಾಸವನ್ನು ಗುರುತಿಸಿತು. ಎರಡನೆಯದರಲ್ಲಿ ಸಂಸ್ಥೆಗೆ ಹೆಚ್ಚಿನ ಸ್ವಾತಂತ್ರ್ಯವಿರುತ್ತದೆ.

ಟಿಇಟಿ ಕುರಿತ ಪ್ರಶ್ನೆ

2014ರ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣ ಹಕ್ಕು ಕಾಯಿದೆಯು ಅನುದಾನಿತ ಹಾಗೂ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ತೀರ್ಪು ನೀಡಿತು. ಟಿಇಟಿಗೆ ಆಧಾರ ಇದೇ ಕಾಯಿದೆಯಾದ್ದರಿಂದ, ಈ ಶಾಲೆಗಳ ಶಿಕ್ಷಕರಿಗೆ ಪರೀಕ್ಷೆ ಕಡ್ಡಾಯವೇ ಎಂಬ ವಿವಾದ ಹುಟ್ಟಿತು.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು, ನಿವೃತ್ತಿಗೆ 5 ವರ್ಷಗಳಿಗಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು 2 ವರ್ಷಗಳೊಳಗೆ ಟಿಇಟಿ ತೇರ್ಗಡೆಯಾಗಬೇಕೆಂದು ಆದೇಶಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳ ವಿಷಯದಲ್ಲಿ ಮಾತ್ರ ಪ್ರಮತಿ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ಅದನ್ನು ದೊಡ್ಡ ಪೀಠಕ್ಕೆ ಒಪ್ಪಿಸುವ ಸಲುವಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ಸಮುದಾಯವು ತನ್ನ ಶಾಲೆಯನ್ನು ನಡೆಸುವ ಹಕ್ಕು ಒಂದು ಕಡೆ, ಆ ಶಾಲೆಯಲ್ಲಿ ಕಲಿಯುವ ಪ್ರತಿ ಮಗುವಿಗೂ ಅರ್ಹ ಶಿಕ್ಷಕರು ದೊರೆಯಬೇಕೆಂಬ ಹಕ್ಕು ಇನ್ನೊಂದು ಕಡೆ ಇರುವುದರಿಂದ ಈ ಪ್ರಶ್ನೆ ಮಹತ್ವ ಪಡೆದಿದೆ.

ತರಬೇತಿ ಸಂಸ್ಥೆಗಳ ಮುಂದಿರುವ ಬದಲಾವಣೆ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ 4 ವರ್ಷಗಳ ಸಂಯೋಜಿತ ಬಿ.ಇಡಿ. ಪದವಿಯನ್ನು ಶಾಲಾ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸುವ ಗುರಿ ಹೊಂದಿದೆ. ಶಿಕ್ಷಕರ ತರಬೇತಿಯನ್ನು ಮಾತ್ರ ನೀಡುವ ಸಂಸ್ಥೆಗಳು ಬಹುವಿಷಯಕ ಸಂಸ್ಥೆಗಳಾಗಿ ಪರಿವರ್ತನೆಯಾಗಬೇಕೆಂಬುದೂ ಅದರ ಆಶಯ. ಕಲೆ, ವಿಜ್ಞಾನ ಕಾಲೇಜುಗಳನ್ನೂ ನಡೆಸುವ ದೊಡ್ಡ ಕ್ರೈಸ್ತ ಸಂಸ್ಥೆಗಳಿಗೆ ಈ ಬದಲಾವಣೆ ತುಲನಾತ್ಮಕವಾಗಿ ಸುಲಭ. ತರಬೇತಿ ಶಾಲೆಯೊಂದನ್ನೇ ನಡೆಸುತ್ತಿರುವ ಸಣ್ಣ ಸಂಸ್ಥೆಗಳು ಇತರ ಕಾಲೇಜುಗಳೊಂದಿಗೆ ವಿಲೀನವಾಗುವ ಅಥವಾ ತರಬೇತಿ ನಿಲ್ಲಿಸುವ ಆಯ್ಕೆಯನ್ನು ಎದುರಿಸಬೇಕಾಗಬಹುದು. ಹಾಗಾದಲ್ಲಿ ಆ ಶಾಲೆಗಳಿಗೆ ಬರುವ ಶಿಕ್ಷಕರ ವೃತ್ತಿಶಿಕ್ಷಣವು ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲಿ ನಡೆದು, ಸಂಸ್ಥೆಯ ಪಾತ್ರವು ನೇಮಕಾತಿಯ ನಂತರದ ಹೆಚ್ಚುವರಿ ತರಬೇತಿಗೆ ಸೀಮಿತವಾಗುತ್ತದೆ.