ಒಲ್ಲೆನೆಂದ ಆಟಗಾರನೂ ನನ್ನ ಕಾಗದದ ತಂಡವೂ

ಬರುವ ಭಾನುವಾರ ನನ್ನ ಬೇಸ್‌ಬಾಲ್ ತಂಡದ ಹೊಸ ಋತು ಆರಂಭವಾಗಲಿದೆ. ತಂಡದಲ್ಲಿ ಇಪ್ಪತ್ತೈದು ಆಟಗಾರರಿದ್ದಾರೆ. ಅವರಲ್ಲಿ ಒಬ್ಬರನ್ನೂ ನಾನು ಕಣ್ಣಾರೆ ಕಂಡಿಲ್ಲ. ಹಲವರು ಈಗ ಬದುಕಿಯೂ ಇಲ್ಲ. ನ್ಯೂಜೆರ್ಸಿಯ ನಮ್ಮ ಮನೆಯ ಊಟದ ಮೇಜೇ ಮೈದಾನ. ಆಟಗಾರರೆಲ್ಲರೂ ಇಸ್ಪೀಟಿನ ಎಲೆಗಳಂತಹ ಕಾರ್ಡುಗಳಾಗಿ ಒಂದು ಬೂಟಿನ ಪೆಟ್ಟಿಗೆಯಲ್ಲಿ ಮಲಗಿದ್ದಾರೆ. ಚೆಂಡು, ದಾಂಡುಗಳ ಕೆಲಸವನ್ನು ಮೂರು ದಾಳಗಳು ಮಾಡುತ್ತವೆ.

ಶಾಲೆಯ ಕೊನೆಯ ಬೆಂಚಿನಲ್ಲಿ ಪಠ್ಯಪುಸ್ತಕದ ಪುಟ ತೆರೆದು, ಪುಟಸಂಖ್ಯೆಯ ಕೊನೆಯ ಅಂಕಿಯನ್ನು ರನ್ನೆಂದು ಎಣಿಸಿದವರಿಗೆ ಈ ಹುಚ್ಚನ್ನು ವಿವರಿಸಬೇಕಿಲ್ಲ. ಆದರೆ ನಮ್ಮ ಆ ಪುಸ್ತಕ ಕ್ರಿಕೆಟ್ಟಿಗೆ ಒಂದು ದೋಷವಿತ್ತು. ಗಾವಸ್ಕರ್ ಆಡಿದರೂ ಚಂದ್ರಶೇಖರ್ ಆಡಿದರೂ ಪುಟಕ್ಕೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಹಾಲ್ ರಿಚ್‌ಮನ್ ಎಂಬ ಅಮೆರಿಕನ್ 1961ರಲ್ಲಿ ಮಾರುಕಟ್ಟೆಗೆ ತಂದ ‘ಸ್ಟ್ರ್ಯಾಟ್-ಓ-ಮ್ಯಾಟಿಕ್’ ಆಟದಲ್ಲಿ ಕಾರ್ಡಿಗೆ ಎಲ್ಲವೂ ತಿಳಿದಿರುತ್ತದೆ. ಮೊದಲ ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಬ್ಯಾಟರ್‌ನ ಕಾರ್ಡನ್ನೂ, ನಾಲ್ಕರಿಂದ ಆರು ಬಿದ್ದರೆ ಪಿಚರ್‌ನ ಕಾರ್ಡನ್ನೂ ನೋಡಬೇಕು. ಉಳಿದೆರಡು ದಾಳಗಳ ಮೊತ್ತ ಫಲಿತಾಂಶದ ಸಾಲನ್ನು ತೋರಿಸುತ್ತದೆ. ಆಟಗಾರನು ಆ ವರ್ಷ ನಿಜವಾದ ಮೈದಾನದಲ್ಲಿ ಸಾಧಿಸಿದ್ದೆಲ್ಲ ಸಂಭವನೀಯತೆಯ ಲೆಕ್ಕವಾಗಿ ಆ ಸಾಲುಗಳಲ್ಲಿ ಅಡಗಿರುತ್ತದೆ.

ನಮ್ಮದು ಎಂಟು ಮಂದಿಯ ಸಣ್ಣ ಕೂಟ. ಪ್ರತಿವರ್ಷ ಗತಕಾಲದ ಒಂದು ಋತುವನ್ನು ಆರಿಸಿಕೊಂಡು, ಅದರ ಆಟಗಾರರನ್ನು ಸರದಿಯಂತೆ ಹಂಚಿಕೊಂಡು, ತಲಾ 84 ಪಂದ್ಯಗಳನ್ನು ಆಡುತ್ತೇವೆ. ಕಳೆದ ಬಾರಿ ನನಗೆ ಐದನೆಯ ಸ್ಥಾನ. ಈ ಬಾರಿ ಆರಿಸಿಕೊಂಡಿರುವುದು 1968.

ಬೇಸ್‌ಬಾಲ್ ಚರಿತ್ರೆಯಲ್ಲಿ ಅದು ಪಿಚರ್‌ಗಳ ವರ್ಷ. ಆ ವರ್ಷ ಎರಡೂ ಲೀಗುಗಳ ಬ್ಯಾಟಿಂಗ್ ಸರಾಸರಿ .237ಕ್ಕೆ ಕುಸಿದಿತ್ತು, ಅಂದರೆ ನೂರು ಸಲ ದಾಂಡು ಹಿಡಿದರೆ ಇಪ್ಪತ್ತನಾಲ್ಕು ಬಾರಿಯೂ ಹಿಟ್ ದಕ್ಕುತ್ತಿರಲಿಲ್ಲ. ಅಮೆರಿಕನ್ ಲೀಗಿನಲ್ಲಿ .300ರ ಗಡಿ ದಾಟಿದವರು ಕಾರ್ಲ್ ಯಸ್‌ಟ್ರೆಮ್ಸ್‌ಕಿ ಒಬ್ಬರೇ, ಅದೂ .301ರಲ್ಲಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಬಾಬ್ ಗಿಬ್ಸನ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.12 ರನ್ ಮಾತ್ರ ಬಿಟ್ಟುಕೊಟ್ಟರು. ಇಷ್ಟಾಗಿಯೂ ಅವರು ಒಂಬತ್ತು ಪಂದ್ಯಗಳಲ್ಲಿ ಸೋತರೆಂಬುದು ಆ ವರ್ಷದ ಬ್ಯಾಟಿಂಗ್ ಬರಗಾಲಕ್ಕೆ ಸಾಕ್ಷಿ. ಕಡೆಗೆ ಆಡಳಿತ ಮಂಡಳಿಯೇ ಬೆದರಿ, 1969ರಲ್ಲಿ ಪಿಚರ್ ನಿಲ್ಲುವ ದಿಬ್ಬದ ಎತ್ತರವನ್ನು ಹದಿನೈದು ಅಂಗುಲದಿಂದ ಹತ್ತಕ್ಕೆ ಇಳಿಸಿತು.

ಇಂತಹ ವರ್ಷದಲ್ಲಿ ನನ್ನ ತಂಡದ ಭವಿಷ್ಯವೇನು? ಗಿಬ್ಸನ್ ಮೊದಲ ಸರದಿಯವರ ಪಾಲಾದರು. ಆದರೆ 1.60ರ ಸರಾಸರಿಯ ಲೂಯಿಸ್ ಟಿಯಾಂಟ್, 19 ಪಂದ್ಯ ಗೆದ್ದ ಎಡಗೈ ಪಿಚರ್ ಜೆರ್ರಿ ಕೂಸ್‌ಮನ್ ನನಗೆ ಒಲಿದರು. 36 ಹೋಂ ರನ್ ಬಾರಿಸಿ ನ್ಯಾಷನಲ್ ಲೀಗಿನಲ್ಲಿ ಅಗ್ರಸ್ಥಾನ ಪಡೆದಿದ್ದ ವಿಲ್ಲಿ ಮೆಕೋವಿ ನನ್ನ ಬ್ಯಾಟಿಂಗಿನ ಆಧಾರಸ್ತಂಭ. ವಿಕೆಟ್ ಕೀಪರ್‌ನಂತೆ ಪ್ಲೇಟಿನ ಹಿಂದೆ ಕೂರುವ ಕ್ಯಾಚರ್ ಸ್ಥಾನಕ್ಕೆ 25 ಹೋಂ ರನ್ನುಗಳ ಬಿಲ್ ಫ್ರೀಹನ್ ಇದ್ದಾರೆ. ಮೂರನೆಯ ಬೇಸ್‌ನಲ್ಲಿ ಬ್ರೂಕ್ಸ್ ರಾಬಿನ್ಸನ್, ಶಾರ್ಟ್‌ಸ್ಟಾಪ್‌ನಲ್ಲಿ ಮಾರ್ಕ್ ಬೆಲಾಂಜರ್ ಎಂಬ ಜೋಡಿಯ ನಡುವೆ ನುಸುಳುವುದು ಚೆಂಡಿಗೆ ಸುಲಭವಲ್ಲ. ಆದರೆ ಬೆಲಾಂಜರ್ ಅವರ ಬ್ಯಾಟಿಂಗ್ ಸರಾಸರಿ .208 ಮಾತ್ರ. ಸೆಂಟರ್ ಫೀಲ್ಡಿನ ವಿಶಾಲ ಬಯಲನ್ನು ಕಾಯುವವರು .301 ಸರಾಸರಿಯ ಕರ್ಟ್ ಫ್ಲಡ್. ಒಟ್ಟಿನಲ್ಲಿ ಎದುರಾಳಿಗೆ ರನ್ ಕೊಡದ ತಂಡ; ತಾನೂ ಹೆಚ್ಚು ಗಳಿಸಲಾರದ ತಂಡ. ಮೂರನೆಯ ಸ್ಥಾನ ಸಿಗಬಹುದೆಂದು ನನ್ನ ಅಂದಾಜು.

ಕಳೆದ ವಾರ ಓಹಿಯೊದಿಂದ ಬಂದ ಪತ್ರ ಈ ಅಂದಾಜನ್ನು ಅಲುಗಾಡಿಸಿತು. ನಮ್ಮ ಕೂಟದ ಹಿರಿಯರಾದ ನಿವೃತ್ತ ಗಣಿತ ಅಧ್ಯಾಪಕರು ಬರೆದಿದ್ದರು: ಫ್ಲಡ್‌ರನ್ನು ಕೊಡಿ, ಫ್ರಾಂಕ್ ಹೊವಾರ್ಡ್‌ರನ್ನು ಕೊಡುತ್ತೇನೆ. ಹೊವಾರ್ಡ್ ಎಂದರೆ 1968ರಲ್ಲಿ 44 ಹೋಂ ರನ್ ಬಾರಿಸಿದ ಆಜಾನುಬಾಹು. ಕ್ಷೇತ್ರರಕ್ಷಣೆಯಲ್ಲಿ ನಷ್ಟವಾದರೂ ಮೂರು ನಾಲ್ಕು ಗೆಲುವು ಹೆಚ್ಚೇ ಬರುತ್ತದೆಂದು ನನ್ನ ಲೆಕ್ಕವೂ ಹೇಳಿತು. ‘ಫ್ಲಡ್ ನಿಮ್ಮವರು’ ಎಂದು ಉತ್ತರ ಬರೆಯಲು ಕುಳಿತೆ. ಆ ಎರಡು ಪದಗಳನ್ನು ಬರೆದವನು ಮುಂದೆ ಬರೆಯಲಾರದೆ ಹೋದೆ.

ಕಾರಣವನ್ನು ಹೇಳಲು ಕಾಗದದ ತಂಡದಿಂದ ನಿಜವಾದ ಚರಿತ್ರೆಗೆ ಹೋಗಬೇಕು. 1969ರ ಅಕ್ಟೋಬರ್‌ನಲ್ಲಿ ಕಾರ್ಡಿನಲ್ಸ್ ತಂಡವು ಹನ್ನೆರಡು ಋತುಗಳ ಕಾಲ ತನಗಾಗಿ ಆಡಿದ್ದ ಫ್ಲಡ್‌ರನ್ನು ಫಿಲಡೆಲ್ಫಿಯಾ ತಂಡಕ್ಕೆ ವಿನಿಮಯ ಮಾಡಿಕೊಂಡಿತು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಆಗ ಇರಲಿಲ್ಲ. ‘ರಿಸರ್ವ್ ಕ್ಲಾಸ್’ ಎಂಬ ಕರಾರಿನ ಪ್ರಕಾರ ಒಮ್ಮೆ ಸಹಿ ಹಾಕಿದ ಆಟಗಾರ, ತಂಡ ತಾನಾಗಿ ಬಿಡುವವರೆಗೆ ಅದಕ್ಕೇ ಸೇರಿದವನು. ಮಾರಿದರೆ ಹೋಗಬೇಕು, ಇಲ್ಲವೇ ಆಟ ಬಿಡಬೇಕು. ಫ್ಲಡ್ ಡಿಸೆಂಬರ್ 24ರಂದು ಬೇಸ್‌ಬಾಲ್ ಆಯುಕ್ತ ಬೋವಿ ಕೂನ್‌ರಿಗೆ ಪತ್ರ ಬರೆದು, ತಾನು ಮಾರಾಟದ ಸರಕಲ್ಲ ಎಂದು ತಿಳಿಸಿದರು. ಮರುತಿಂಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಆಗ ಅವರ ವಾರ್ಷಿಕ ಸಂಬಳ 90,000 ಡಾಲರ್. ಇಷ್ಟು ಪಡೆಯುವವನು ಗುಲಾಮಗಿರಿಯ ಮಾತಾಡುವುದೇ ಎಂದು ಹಲವರು ಮೂದಲಿಸಿದರು. ಸಂಬಳ ಹೆಚ್ಚಾದ ಮಾತ್ರಕ್ಕೆ ಗುಲಾಮ ಸ್ವತಂತ್ರನಾಗುವುದಿಲ್ಲ ಎಂಬುದು ಈ ಕಪ್ಪು ಆಟಗಾರನ ಉತ್ತರದ ಸಾರ. 1970ರ ವಿಚಾರಣೆಯಲ್ಲಿ ನಿವೃತ್ತ ಆಟಗಾರ ಜಾಕಿ ರಾಬಿನ್ಸನ್ ಅವರ ಪರವಾಗಿ ಸಾಕ್ಷಿ ನುಡಿದರು. ಆದರೆ ಆಗ ಆಡುತ್ತಿದ್ದವರಲ್ಲಿ ಒಬ್ಬರೂ ಸಾಕ್ಷಿಕಟ್ಟೆಗೆ ಬರಲಿಲ್ಲ. ಫ್ಲಡ್ 1970ರ ಋತುವನ್ನೇ ತ್ಯಜಿಸಿದರು. 1971ರಲ್ಲಿ ವಾಷಿಂಗ್ಟನ್ ಪರ ಹದಿಮೂರು ಪಂದ್ಯಗಳನ್ನು ಆಡಿ ನಿರ್ಗಮಿಸಿದರು.

1972ರಲ್ಲಿ ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ ಅವರ ವಾದವನ್ನು ತಳ್ಳಿಹಾಕಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್, ಆರಂಭದಲ್ಲಿ ಬೇಸ್‌ಬಾಲಿನ ಎಂಬತ್ತಕ್ಕೂ ಹೆಚ್ಚು ಹಳೆಯ ಹೀರೋಗಳ ಹೆಸರುಗಳನ್ನು ಭಕ್ತಿಯಿಂದ ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯನ್ನು ಓದುವಾಗಲೆಲ್ಲ ನನಗೆ ನಮ್ಮ ಕೂಟ ನೆನಪಾಗುತ್ತದೆ. ನಾವೂ ಹೆಸರುಗಳ ಆರಾಧಕರು, ಅಂಕಿಗಳ ಉಪಾಸಕರು. ಆದರೆ ಆಟಗಾರನ ಹೆಸರನ್ನು ಪ್ರೀತಿಸುವುದು ಬೇರೆ, ಆಟಗಾರನ ಮಾತಿಗೆ ಕಿವಿಗೊಡುವುದು ಬೇರೆ.

ಫ್ಲಡ್ ಸೋತರೂ ಅವರು ಎತ್ತಿದ ಪ್ರಶ್ನೆ ಸೋಲಲಿಲ್ಲ. ಲೀಗಿನಲ್ಲಿ ಹತ್ತು ವರ್ಷ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಆಡಿದವರು ವಿನಿಮಯವನ್ನು ನಿರಾಕರಿಸಬಹುದೆಂಬ ನಿಯಮ 1973ರಲ್ಲಿ ಬಂತು. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ನೀಡಿದ ತೀರ್ಪು ಇತರ ಆಟಗಾರರಿಗೂ ಸ್ವಾತಂತ್ರ್ಯದ ಬಾಗಿಲನ್ನು ತೆರೆಯಿತು. ಇಂದು ಕೋಟ್ಯಂತರ ಡಾಲರ್ ಪಡೆಯುವ ಬೇಸ್‌ಬಾಲ್ ಆಟಗಾರರೆಲ್ಲರೂ ಅವರಿಗೆ ಋಣಿಗಳು. 1997ರಲ್ಲಿ ಫ್ಲಡ್ ತೀರಿಕೊಂಡರು.

2008ರಲ್ಲಿ ಐಪಿಎಲ್ ಹರಾಜು ಆರಂಭವಾದಾಗ ಮನುಷ್ಯರ ಹರಾಜೇ ಎಂದು ನಮ್ಮಲ್ಲೂ ಹುಬ್ಬೇರಿಸಿದವರಿದ್ದರು. ಎರಡೂ ಒಂದೇ ಎನ್ನುವುದು ನನ್ನ ವಾದವಲ್ಲ. ಅಲ್ಲಿ ಆಟಗಾರ ತಾನೇ ಹೆಸರು ನೋಂದಾಯಿಸುತ್ತಾನೆ. ಒಪ್ಪಿಗೆ ಎಂಬ ಆ ಒಂದು ಪದವೇ ವ್ಯತ್ಯಾಸ; ಫ್ಲಡ್ ಕೇಳಿದ್ದೂ ಅದೊಂದನ್ನೇ.

ಓಹಿಯೊದ ಅಧ್ಯಾಪಕರಿಗೆ ಇದನ್ನೆಲ್ಲ ಬರೆದೆ. ‘ಅದು ಕೇವಲ ಕಾಗದ’ ಎಂದು ಅವರ ಉತ್ತರ ಬಂತು. ನಿಜ. ಆದರೆ ದಾಳ ಹಿಡಿದು ಕುಳಿತವನು ಮನುಷ್ಯರನ್ನು ಪಣಕ್ಕಿಡುವ ಕತೆಯನ್ನು ಭಾರತ ಕೇಳಿ ಬೆಳೆದವನು ನಾನು. ಧರ್ಮರಾಯನ ಜೂಜಿನ ಸಭೆಯಲ್ಲಿ ದ್ರೌಪದಿ ಎತ್ತಿದ್ದೂ ಒಡೆತನದ ಪ್ರಶ್ನೆಯನ್ನೇ. ಆ ಸಭೆಯ ಹಿರಿಯರಿಂದಲೂ ನೇರ ಉತ್ತರ ಬರಲಿಲ್ಲ.

ಆದ್ದರಿಂದ ಕೂಟದ ಮುಂದೆ ಒಂದು ನಿಯಮವನ್ನಿಟ್ಟಿದ್ದೇನೆ. ಯಾವುದೇ ವಿನಿಮಯಕ್ಕೆ ಮೊದಲು ಆ ಆಟಗಾರನ ಹೆಸರಿನಲ್ಲಿ ಒಂದು ದಾಳ ಉರುಳಿಸಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಒಪ್ಪಿಗೆ. ಕಡಿಮೆ ಬಿದ್ದರೆ ಇಲ್ಲ. ಐವರು ಒಪ್ಪಿದ್ದಾರೆ, ಇಬ್ಬರು ನಕ್ಕಿದ್ದಾರೆ. ಫ್ಲಡ್ ವಿಷಯದಲ್ಲಿ ಮಾತ್ರ ನಾನು ದಾಳವನ್ನೂ ಉರುಳಿಸುವುದಿಲ್ಲ. ಅವರ ಉತ್ತರವನ್ನು ಅವರು 1969ರಲ್ಲೇ ಕೊಟ್ಟಿದ್ದಾರೆ.

ಹೊವಾರ್ಡ್ ಇಲ್ಲದೆ ನನ್ನ ತಂಡ ಈ ಬಾರಿಯೂ ಐದನೆಯ ಸ್ಥಾನದಲ್ಲಿ ನಿಂತರೆ ಆಶ್ಚರ್ಯವಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಪಂದ್ಯ. ಟಿಯಾಂಟ್ ಪಿಚ್ ಮಾಡುತ್ತಾರೆ, ಫ್ಲಡ್ ಸೆಂಟರ್ ಫೀಲ್ಡಿನಲ್ಲಿ ನಿಲ್ಲುತ್ತಾರೆ. ಎದುರಾಳಿ ಓಹಿಯೊದ ಅಧ್ಯಾಪಕರೇ.